ಇಂದಿನ ಚಿಂತನೆ: ತೊಟ್ಟಿಯ ನೀರು ಮತ್ತು ‘ಪ್ರಕೃತಿ ನಿಯಮ’



ಉಪ್ಪುನೀರಿನ ಮೀನುತೊಟ್ಟಿ ಇಟ್ಟವರಿಗೆ ಒಂದು ಸಂಗತಿ ಗೊತ್ತು. ತಿಳಿಯಾಗಿ ಕಾಣುವ ನೀರಿನಲ್ಲೇ ಮೀನು ಸಾಯಬಹುದು. ಮೀನು ತನ್ನ ಕಿವಿರುಗಳಿಂದ ಅಮೋನಿಯಾ ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ ಬರುತ್ತದೆ. ಅದು ಕಣ್ಣಿಗೆ ಕಾಣದ ವಿಷ. ರಂಧ್ರಗಳಿರುವ ಕಲ್ಲುಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೇಟ್ ಮಾಡುತ್ತವೆ. ಕಲ್ಲಿನೊಳಗೆ ಆಮ್ಲಜನಕ ತಲುಪದ ಕಡೆ ಇರುವ ಮತ್ತೊಂದು ಬಗೆಯವು ಅದನ್ನು ಸಾರಜನಕವಾಗಿಸಿ ಗಾಳಿಗೆ ಬಿಡುತ್ತವೆ. ಇಂಡೋನೇಷ್ಯಾದ ಲೀ ಚಿನ್ ಎಂಗ್ 1960ರ ದಶಕದ ಆರಂಭದಲ್ಲೇ ಸಮುದ್ರದ ಜೀವಂತ ಕಲ್ಲು, ಬೆಳಕು, ಗಾಳಿಗುಳ್ಳೆ ಇಷ್ಟನ್ನೇ ನಂಬಿ ತೊಟ್ಟಿ ನಡೆಸಿ ತೋರಿಸಿದರು.

ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಸಹೋದ್ಯೋಗಿಯೊಬ್ಬರು ನಗುತ್ತಾ ಅಂದರು: “ನೋಡಿ ಮೇಷ್ಟ್ರೇ, ಪ್ರಕೃತಿಯಲ್ಲೇ ಅವರವರ ಕೆಲಸ ಅವರವರಿಗೆ ಅಂತ ಇದೆ. ಹಿರಿಯರು ಸುಮ್ಮನೆ ಮಾಡಿದ್ದಲ್ಲ.”

ಇಂಥ ನಗುಮಾತನ್ನು ನಾವೆಲ್ಲ ಕೇಳಿದ್ದೇವೆ. ನಾನು ಅವರಿಗೆ ಕೊಟ್ಟ ಉತ್ತರ ಇದು.

ಬ್ಯಾಕ್ಟೀರಿಯಾಕ್ಕೆ ಅಮೋನಿಯಾ ಬದುಕಿನ ಆಸರೆ. ಮ್ಯಾನ್‌ಹೋಲಿಗೆ ಇಳಿದ ಮನುಷ್ಯನಿಗೆ ಅಲ್ಲಿನ ಅನಿಲ ಸಾವು. ಮಲಹೊರುವ ಪದ್ಧತಿಯನ್ನು ನಿಷೇಧಿಸಿ 2013ರಲ್ಲಿ ಕಾಯ್ದೆ ಬಂದ ಮೇಲೂ ಜನ ಇಳಿಯುತ್ತಿದ್ದಾರೆ, ಸಾಯುತ್ತಿದ್ದಾರೆ. ಅವರನ್ನು ಅಲ್ಲಿಗೆ ಇಳಿಸಿದ್ದು ಪ್ರಕೃತಿಯಲ್ಲ, ನಾವು. ಜಾತಿ ಕೆಲಸವನ್ನಲ್ಲ, ಕೆಲಸಗಾರರನ್ನೇ ಮೇಲು ಕೀಳಾಗಿ ಹಂಚುತ್ತದೆ ಎಂದು ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲೇ ವಿವರಿಸಿದ್ದಾರೆ. ತೊಟ್ಟಿಯಲ್ಲಿ ಮೇಲು ಕೀಳಿಲ್ಲ. ಬಣ್ಣದ ಮೀನಿನ ಉಸಿರು ಆ ಕಾಣದ ಜೀವಿಗಳ ಕೈಯಲ್ಲಿದೆ, ಆದರೂ ಯಾರೂ ಅವುಗಳನ್ನು ಊರ ಹೊರಗೆ ಇಟ್ಟಿಲ್ಲ.

ಇನ್ನೂ ಒಂದು ಮಾತು. ತೊಟ್ಟಿಯ ನೀರು ಹುಟ್ಟಿನಿಂದ ಶುದ್ಧವಲ್ಲ. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಆಮೇಲೂ ಶುದ್ಧಿ ದಿನದಿನವೂ ನಡೆಯುತ್ತಿರಬೇಕು. ಯಾರೂ ಹುಟ್ಟಿನಿಂದ ಕೀಳಲ್ಲ, ನಡೆಯಿಂದ ಮಾತ್ರ ಎಂದು ವಸಲ ಸುತ್ತದಲ್ಲಿ ಭಗವಾನ್ ಬುದ್ಧರು ತಿಳಿಸಿದ್ದು ಮನುಷ್ಯರ ಬಗ್ಗೆ. ಹುಟ್ಟಿನ ಶುದ್ಧಿ ಎಂಬುದು ನೀರಿನಲ್ಲೂ ಇಲ್ಲ.

ಆದರೂ ತೊಟ್ಟಿಯನ್ನು ನೋಡಿ ಸಮಾಜ ಕಟ್ಟಲಾಗದು. ಏನು ನಡೆಯುತ್ತದೆ ಎಂಬುದನ್ನು ಪ್ರಕೃತಿ ತೋರಿಸುತ್ತದೆ. ಏನು ನಡೆಯಬೇಕು ಎಂಬುದನ್ನು ಪ್ರಜ್ಞೆ, ಶೀಲ, ಕರುಣೆಗಳಿಂದ ನಾವೇ ನಿರ್ಧರಿಸಬೇಕು. ಧಮ್ಮದ ಕೆಲಸ ಶುರುವಾಗುವುದೇ ಅಲ್ಲಿ.

ಒಳ್ಳೆಯ ಮೀನು ಸಾಕಣೆಗಾರ ಚಿಟಿಕೆಯಷ್ಟೇ ಆಹಾರ ಹಾಕುತ್ತಾನೆ, ಕಲ್ಲು ತಾಳುವಷ್ಟೇ ಮೀನು ಇಡುತ್ತಾನೆ. ನಮ್ಮ ಮನೆಯ ಕಸ, ಕೊಳೆ ಇಂದು ಯಾರ ಕೈಗೆ ಹೋಗುತ್ತದೆ? ಹಸಿ ಕಸ, ಒಣ ಕಸ ಬೇರೆ ಮಾಡಿ, ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ, ಅದನ್ನು ಒಯ್ಯುವವರ ಹೆಸರು ಕೇಳಿ ತಿಳಿದು ಮಾತನಾಡಿಸೋಣ. ಇದೂ ಶೀಲವೇ.

ನಮೋ ಬುದ್ಧಾಯ. ಜೈಭೀಮ್.