ಓದುಗರನ್ನು ಅರಸುವ ಹೊಸ ಲೇಖಕ

ಜೈನ ಗೃಹಸ್ಥನಿಗೆ ಶ್ರಾವಕನೆಂದು ಹೆಸರು. ಕೇಳುವವನು ಎಂಬುದೇ ಆ ಶಬ್ದದ ಅರ್ಥ. ಕೇಳುವಿಕೆಗೆ ಇಷ್ಟು ದೊಡ್ಡ ಸ್ಥಾನ ಕೊಟ್ಟ ಸಮಾಜದಲ್ಲಿ, ಹೊಸದಾಗಿ ಲೇಖನಿ ಹಿಡಿದವನು ತನ್ನ ಮಾತನ್ನು ಕೇಳುವವರು ಬೇಕೆಂದು ಹಂಬಲಿಸಿದರೆ ಅದು ದೋಷವೇ? ಈ ಪ್ರಶ್ನೆ ಇಂದು ಅನೇಕ ಮನೆಗಳಲ್ಲಿ ಎದ್ದಿದೆ. ಗದಗ-ಬೆಟಗೇರಿಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ತರುಣ, ಲಕ್ಷ್ಮೇಶ್ವರದ ಶಾಲೆಯ ಶಿಕ್ಷಕಿ, ಶಿರಹಟ್ಟಿ ಮುಂಡರಗಿಗಳ ಕಾಲೇಜು ವಿದ್ಯಾರ್ಥಿಗಳು, ಇಂಥವರೆಲ್ಲ ಇಂದು ಬರೆಯುತ್ತಿದ್ದಾರೆ. ನೋಂಪಿಯ ಕಥೆ, ಯಾತ್ರೆಯ ಅನುಭವ, ಊರ ಬಸದಿಯ ಶಾಸನದ ವಿವರ, ಒಂದೆರಡು ಕವಿತೆ. ಬರೆದದ್ದು ಮೊಬೈಲಿನ ಮೂಲಕ ಕ್ಷಣಾರ್ಧದಲ್ಲಿ ಊರೂರಿಗೆ ಹೋಗುತ್ತದೆ. ಮರುದಿನ ಬೆಳಗ್ಗೆ ಎಣಿಕೆ ಆರಂಭವಾಗುತ್ತದೆ. ಎಷ್ಟು ಜನ ಓದಿದರು? ಎಷ್ಟು ಜನ ಮೆಚ್ಚಿದರು? ತನಗೆ ಹನ್ನೆರಡು ಮಂದಿ, ಪಕ್ಕದ ಊರಿನವನಿಗೆ ಹನ್ನೆರಡು ಸಾವಿರ ಎಂದು ತಿಳಿದಾಗ ಮನಸ್ಸು ಕುಗ್ಗುತ್ತದೆ. ಹಿರಿಯರು ಇದನ್ನು ಕಂಡು ಖ್ಯಾತಿಯ ಹುಚ್ಚು ಎನ್ನುತ್ತಾರೆ. ಕಿರಿಯರು, ಓದುವವರಿಲ್ಲದ ಮೇಲೆ ಬರೆದೇನು ಫಲ ಎನ್ನುತ್ತಾರೆ. ಎರಡು ಮಾತಿನಲ್ಲಿಯೂ ಅವಸರವಿದೆ.

ದಿಗಂಬರ ಪರಂಪರೆಯಲ್ಲಿ ಪ್ರಸಿದ್ಧವಾದ ಒಂದು ಪ್ರಸಂಗವನ್ನು ಇಲ್ಲಿ ಸ್ಮರಿಸಬೇಕು. ಭಗವಾನ್ ಮಹಾವೀರರಿಗೆ ಕೇವಲಜ್ಞಾನವಾಯಿತು, ಸಮವಸರಣ ರಚಿತವಾಯಿತು, ದೇವ-ಮನುಷ್ಯ-ತಿರ್ಯಂಚರು ಸೇರಿದರು. ಆದರೂ ೬೬ ದಿನ ದಿವ್ಯಧ್ವನಿ ಹೊರಡಲಿಲ್ಲ. ಅದನ್ನು ಗ್ರಹಿಸಿ ಧರಿಸಬಲ್ಲ ಗಣಧರ ಅಲ್ಲಿರಲಿಲ್ಲ. ಇಂದ್ರಭೂತಿ ಗೌತಮರು ಬಂದ ಮೇಲೆಯೇ ರಾಜಗೃಹದ ವಿಪುಲಾಚಲದಲ್ಲಿ ಉಪದೇಶ ಪ್ರಾರಂಭವಾಯಿತು. ಅವರು ಬಂದದ್ದು ವಾದಿಸಲೆಂದು, ಸ್ತುತಿಸಲೆಂದಲ್ಲ ಎಂಬುದು ಕೂಡ ಗಮನಾರ್ಹ. ಸಭೆ ತುಂಬಿತ್ತು, ಆದರೆ ಶ್ರೋತೃ ಇರಲಿಲ್ಲ. ಜನಸಮೂಹಕ್ಕೂ ಕೇಳುಗನಿಗೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಕಥೆ ದುರ್ಲಭ. ತೀರ್ಥಂಕರರ ಮೌನವನ್ನು ಸಾಮಾನ್ಯ ಬರಹಗಾರನಿಗೆ ಅಳತೆಗೋಲಾಗಿ ಹಿಡಿಯುವುದು ಅತಿಯಾದೀತು, ನಿಜ. ಆದರೆ ಹನ್ನೆರಡು ಮಂದಿಯಲ್ಲಿ ಒಬ್ಬನಾದರೂ ನಿಂತು ಪ್ರಶ್ನೆ ಕೇಳಿದನೇ ಎಂದು ವಿಚಾರಿಸುವ ಅಭ್ಯಾಸವನ್ನಾದರೂ ಆತ ಈ ಪ್ರಸಂಗದಿಂದ ಕಲಿಯಬಹುದು.

ಹಾಗೆಂದು ಸಂಖ್ಯೆಯನ್ನೇ ಹೀನವೆಂದು ತಿಳಿಯಬೇಕಾಗಿಲ್ಲ. ಗದಗಿನಿಂದ ಸುಮಾರು ೧೨ ಕಿ.ಮೀ. ದೂರದ ಲಕ್ಕುಂಡಿಯಲ್ಲಿ ಕ್ರಿ.ಶ. ೧೦೦೭ರಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ ಸಂಖ್ಯೆಯನ್ನು ಬೇಕೆಂದೇ ಬಯಸಿದವಳು. ಪೊನ್ನ ಕವಿಯ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಆಕೆ ಬರೆಯಿಸಿ ಹಂಚಿದಳು. ಮುದ್ರಣವಿಲ್ಲದ ಕಾಲ. ಓಲೆಗರಿಯನ್ನು ಹದಮಾಡಿ, ಕಂಟದಿಂದ ಒಂದೊಂದೇ ಅಕ್ಷರ ಕೊರೆದು, ಮಸಿ ತೀಡಿ, ರಂಧ್ರ ಮಾಡಿ ದಾರ ಪೋಣಿಸಿ, ಮರದ ಹಲಗೆಗಳ ನಡುವೆ ಕಟ್ಟಬೇಕು. ಹನ್ನೆರಡು ಆಶ್ವಾಸಗಳ ಚಂಪೂಕಾವ್ಯವೊಂದನ್ನು ಹೀಗೆ ಸಾವಿರ ಸಲ ಬರೆಯಿಸುವುದೆಂದರೆ ಎಷ್ಟು ಲಿಪಿಕಾರರ ಎಷ್ಟು ಕಾಲದ ದುಡಿಮೆಯೆಂಬುದನ್ನು ಊಹಿಸಬಹುದು. ಆಕೆಯ ಉದ್ದೇಶ ಕಾವ್ಯವನ್ನು ಉಳಿಸುವುದಷ್ಟೇ ಆಗಿದ್ದರೆ ಹತ್ತು ಪ್ರತಿ ಸಾಕಾಗಿತ್ತು. ಸಾವಿರ ಬೇಕಾದದ್ದು ಓದಿಸುವುದಕ್ಕೆ.

ಇಲ್ಲಿ ಸೂಕ್ಷ್ಮವಾದ ಒಂದು ಅಂಶವಿದೆ. ಅತ್ತಿಮಬ್ಬೆ ಹಂಚಿದ್ದು ತನ್ನ ಮಾತನ್ನಲ್ಲ. ಆ ಕಾವ್ಯವನ್ನು ಬರೆಯಿಸಿದವರು ಆಕೆಯ ತಂದೆ ಮಲ್ಲಪಯ್ಯ ಮತ್ತು ಆತನ ಸೋದರ ಪುನ್ನಮಯ್ಯ. ತಮ್ಮ ಗುರು ಜಿನಚಂದ್ರದೇವರ ಸ್ಮರಣಾರ್ಥ ಬರೆಯಿಸಿದರು. ಪೊನ್ನನಿಗೆ ಬಿರುದಿತ್ತ ರಾಷ್ಟ್ರಕೂಟರ ರಾಜ್ಯ ೯೭೩ರಲ್ಲಿ ಅಳಿದು ಚಾಲುಕ್ಯರು ಬಂದರು. ಆಶ್ರಯ ಕೊಟ್ಟ ಅರಸುಮನೆತನವೇ ಇಲ್ಲವಾದಾಗ ಒಂದು ಕಾವ್ಯದ ಗತಿಯೇನು? ಇನ್ನೊಬ್ಬರ ಕೃತಿಗೆ ಓದುಗರನ್ನು ಒದಗಿಸುವ ಈ ಕಾರ್ಯವನ್ನು ಜೈನಾಗಮ ಶಾಸ್ತ್ರದಾನವೆಂದು ಕರೆದು ಆಹಾರ, ಔಷಧ, ಅಭಯದಾನಗಳ ಸಾಲಿನಲ್ಲಿ ಇರಿಸಿದೆ. ತನ್ನ ಬರಹಕ್ಕೆ ಓದುಗರಿಲ್ಲವೆಂದು ಕೊರಗುವ ಹೊಸಬನನ್ನು, ನೀನು ಯಾರ ಬರಹಕ್ಕೆ ಓದುಗರನ್ನು ತಂದೆ ಎಂದು ಕೇಳಿದರೆ ಬಹುಶಃ ಉತ್ತರವಿರಲಾರದು.

ಅದೇ ಅತ್ತಿಮಬ್ಬೆಯ ಆಶ್ರಯದಲ್ಲಿ ೯೯೩ರಲ್ಲಿ ಅಜಿತಪುರಾಣವನ್ನು ರಚಿಸಿದ ರನ್ನ ಒಂದು ಕಾಲಕ್ಕೆ ನಿಜವಾದ ಹೊಸಬ. ೯೪೯ರಲ್ಲಿ ಮುದುವೊಳಲಿನ, ಅಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯಲ್ಲಿ ಹುಟ್ಟಿದವನು. ಪಂಪನಂತೆ ಪಂಡಿತರ ಕುಲದ ಬೆಂಬಲವಿರಲಿಲ್ಲ. ಅಜಿತಸೇನಾಚಾರ್ಯರಲ್ಲಿ ವಿದ್ಯೆ ಸಂಪಾದಿಸಿ, ಗಂಗರ ಮಂತ್ರಿ ಚಾವುಂಡರಾಯನ ಆದರ ಗಳಿಸಿ, ಬಳಿಕ ಚಾಲುಕ್ಯರ ಆಸ್ಥಾನ ಸೇರಿ ಕವಿಚಕ್ರವರ್ತಿಯೆನಿಸಿದ. ಉಪಕಾರಸ್ಮರಣೆ ಎಷ್ಟಿತ್ತೆಂದರೆ ತನ್ನ ಮಕ್ಕಳಿಗೆ ರಾಯ, ಅತ್ತಿಮಬ್ಬೆ ಎಂದೇ ಹೆಸರಿಟ್ಟ.

ಆದರೆ ರನ್ನನ ಕೃತಿಯಲ್ಲಿ ಜೈನ ವಾಚಕನನ್ನು ಕಾಡಬೇಕಾದ ಒಂದು ಸಂಗತಿಯಿದೆ. ಆತ ತನ್ನನ್ನು ತಾನು ಬಹಳ ಹೊಗಳಿಕೊಂಡವನು. ಸರಸ್ವತಿಯ ಭಂಡಾರದ ಮುದ್ರೆಯನ್ನು ಒಡೆದವನೆಂದು ಹೇಳಿಕೊಂಡ. ತನ್ನ ಕೃತಿಯನ್ನು ಪರೀಕ್ಷಿಸುವ ಧೈರ್ಯ ಯಾರಿಗಿದೆಯೆಂದು ಸವಾಲೆಸೆದ. ಪುಲಿಗೆರೆಯ ತಿರುಳಿನ ಕನ್ನಡದಲ್ಲಿ ಬರೆದೆನೆಂದ ಪಂಪನೂ ಈ ವಿಷಯದಲ್ಲಿ ಕಡಿಮೆಯವನಲ್ಲ. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ೯೪೧ರಲ್ಲಿ ಮುಗಿಸಿದ ತನ್ನೆರಡು ಕಾವ್ಯಗಳ ಮುಂದೆ ಹಿಂದಿನ ಕಾವ್ಯಗಳೆಲ್ಲ ಕೆಳಗಾದವೆಂಬುದು ಆತನ ನುಡಿ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವಾದರೋ ಪರನಿಂದೆ, ಆತ್ಮಪ್ರಶಂಸೆ, ಇತರರಲ್ಲಿರುವ ಗುಣವನ್ನು ಮುಚ್ಚುವುದು, ತನ್ನಲ್ಲಿಲ್ಲದ ಗುಣವನ್ನು ತೋರುವುದು ಇವುಗಳನ್ನು ನೀಚಗೋತ್ರ ಕರ್ಮದ ಆಸ್ರವಕ್ಕೆ ಕಾರಣವೆಂದು ಸಾರುತ್ತದೆ. ಮಹಾಕವಿಗಳೆಂಬ ಕಾರಣಕ್ಕೆ ಸೂತ್ರ ಅವರಿಗೆ ವಿನಾಯಿತಿ ಕೊಡುವುದಿಲ್ಲ.

ಕವಿಸಮಯ, ಆಸ್ಥಾನದ ರೂಢಿ ಎಂದು ಹೇಳಿ ಇದನ್ನು ತಳ್ಳಿಹಾಕುವವರುಂಟು. ಆ ಸಮಾಧಾನ ಪೂರ್ಣವಲ್ಲ. ರೂಢಿಯಿಂದ ಕಷಾಯ ಕಷಾಯವಲ್ಲದೆ ಹೋಗುವುದಿಲ್ಲ. ರನ್ನನ ಪಕ್ಷದಲ್ಲಿ ಹೇಳಬೇಕಾದ ಮಾತು ಬೇರೆ. ಜಿನಧರ್ಮದ ಕವಿಗಳಲ್ಲಿ ರತ್ನತ್ರಯವನ್ನು ಎಣಿಸುವಾಗ ಆತ ಪಂಪನನ್ನು, ಪೊನ್ನನನ್ನು ಹೆಸರಿಸಿ ತನ್ನನ್ನು ಅವರೊಡನೆ ಇಟ್ಟುಕೊಂಡ. ಆತ್ಮಪ್ರಶಂಸೆಯ ದೋಷ ಉಳಿದರೂ ಹಿಂದಿನವರ ಗುಣವನ್ನು ಮುಚ್ಚಿದ ದೋಷ ಅಲ್ಲಿಲ್ಲ. ಇಲ್ಲದ ಗುಣವನ್ನು ತೋರಿದನೆಂದು ಹೇಳುವ ಧೈರ್ಯವಂತೂ ಸಾವಿರ ವರ್ಷಗಳಲ್ಲಿ ಯಾರಿಗೂ ಬಂದಿಲ್ಲ. ಇಂದಿನ ಹೊಸಬರಲ್ಲಿ ಕೆಲವರು ರನ್ನನಿಂದ ಸವಾಲನ್ನು ಮಾತ್ರ ಎರವಲು ಪಡೆದು, ಅದರ ಹಿಂದಿದ್ದ ವ್ಯಾಸಂಗವನ್ನು ಅಲ್ಲಿಯೇ ಬಿಟ್ಟು ಬರುತ್ತಾರೆ.

ಓದುಗರನ್ನು ಬಯಸುವುದರಲ್ಲಿ ದೋಷವಿಲ್ಲವೆಂದಾದರೆ, ದೋಷ ಪ್ರವೇಶಿಸುವುದು ಎಲ್ಲಿ? ಅವರನ್ನು ಕೂಡಿಸುವ ವಿಧಾನದಲ್ಲಿ. ಇದಕ್ಕೆ ಹೊಸ ನೀತಿಸಂಹಿತೆಯನ್ನು ಹುಡುಕಬೇಕಾದ ಅಗತ್ಯವಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಬರುವ ಅಣುವ್ರತಗಳ ಅತಿಚಾರಗಳು ಬರಹಗಾರನನ್ನು ಕಣ್ಣೆದುರಿಗಿಟ್ಟುಕೊಂಡು ಬರೆದಂತಿವೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಮಿಥ್ಯೋಪದೇಶ ಒಂದು. ಪರೀಕ್ಷಿಸದ ಔಷಧೋಪಚಾರವನ್ನೋ, ಯಾವ ಮುನಿಗಳೂ ಆಡದ ಮಾತನ್ನೋ ಮುನಿವಚನವೆಂದು ಬರೆದು ಹಂಚುವುದು ಅದೇ ಅಲ್ಲವೇ? ರಹೋಭ್ಯಾಖ್ಯಾನವೆಂದರೆ ಏಕಾಂತದ ಸಂಗತಿಯನ್ನು ಬಯಲಿಗೆಳೆಯುವುದು. ನೆರೆಮನೆಯ ಜಗಳ, ಸೊಸೆಯ ಕಣ್ಣೀರು, ಮುರಿದುಬಿದ್ದ ಸಂಬಂಧ, ಇವನ್ನು ಹೆಸರು ಬದಲಿಸಿ ಬರೆದರೆ ಓದುಗರು ಬೇಗ ಕೂಡುತ್ತಾರೆ. ಸಣ್ಣ ಊರಿನಲ್ಲಿ ಹೆಸರು ಬದಲಿಸಿದ್ದು ಯಾರನ್ನೂ ರಕ್ಷಿಸುವುದಿಲ್ಲ. ಕೂಟಲೇಖಕ್ರಿಯೆಗೆ ವ್ಯಾಖ್ಯಾನವೇ ಬೇಡ. ನ್ಯಾಸಾಪಹಾರ, ಎಂದರೆ ನಂಬಿ ಇಟ್ಟ ಒತ್ತೆಯನ್ನು ನುಂಗುವುದು, ಹಣದ ವಿಷಯಕ್ಕೆ ಮಾತ್ರ ಸಲ್ಲುವುದೆಂದು ಸಾಮಾನ್ಯ ತಿಳಿವಳಿಕೆ. ಆದರೆ ಮನೆಯ ಹಿರಿಯಳು ನೆನಪಿನಲ್ಲಿಟ್ಟು ಕಾಪಾಡಿದ ಕಥೆಯನ್ನು ಕೇಳಿ ಬರೆದುಕೊಂಡು ಕೆಳಗೆ ತನ್ನೊಬ್ಬನ ಹೆಸರು ಹಾಕುವುದು ಯಾವ ವ್ಯವಹಾರ?

ಅಚೌರ್ಯದ ಅತಿಚಾರಗಳು ಗದಗಿನ ವ್ಯಾಪಾರಿ ಮನೆತನಗಳಿಗೆ ಇನ್ನೂ ಚೆನ್ನಾಗಿ ಅರ್ಥವಾಗುತ್ತವೆ. ಹತ್ತಿ, ಶೇಂಗಾ, ಹೆಸರು ಕಾಳುಗಳ ಪೇಟೆಯಲ್ಲಿ ಬೆಳೆದವರಿಗೆ ಹೀನಾಧಿಕಮಾನೋನ್ಮಾನವೆಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಕೊಳ್ಳುವಾಗ ಒಂದು ತೂಕ, ಮಾರುವಾಗ ಇನ್ನೊಂದು ತೂಕ. ಅದೇ ಮನೆತನದ ಮಗ ಹಣ ತೆತ್ತು ಮೆಚ್ಚುಗೆಗಳನ್ನು ಕೊಂಡು, ಇಲ್ಲದ ಓದುಗರನ್ನು ಇರುವರೆಂದು ತೋರಿಸಿದರೆ ಅದು ತಕ್ಕಡಿಯ ತಳಕ್ಕೆ ಅಂಟಿಸಿದ ಹುಣಿಸೆಹಣ್ಣಿಗಿಂತ ಭಿನ್ನವಲ್ಲ. ಒಳ್ಳೆಯ ಸರಕಿನಲ್ಲಿ ಅದನ್ನು ಹೋಲುವ ಕೀಳು ಸರಕನ್ನು ಬೆರೆಸುವುದು ಪ್ರತಿರೂಪಕ ವ್ಯವಹಾರ. ಪ್ರಸಿದ್ಧ ಲೇಖಕನ ಶೈಲಿಯನ್ನೇ ಹೊದ್ದು, ಅವನ ಓದುಗರನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುವವನು ಇದನ್ನೇ ಮಾಡುತ್ತಾನೆ. ಅಂಗಡಿಯಲ್ಲಿ ಇಂಥದ್ದು ನಡೆದರೆ ತಲೆತಗ್ಗಿಸುವ ತಂದೆ, ಮಗನ ಬರಹದಲ್ಲಿ ನಡೆದಾಗ ಅದನ್ನು ಜಾಣತನವೆಂದು ಹಿಗ್ಗುವುದು ವಿಚಿತ್ರ.

ಪರಸ್ಪರ ಹೊಗಳಿಕೆಯ ವಿಷಯ ಇಷ್ಟು ಸರಳವಲ್ಲ. ಹೊಸಬನು ಇತರರ ಬರಹವನ್ನು ಓದಿ ಮೆಚ್ಚುಗೆ ತಿಳಿಸುವುದು ಸೌಜನ್ಯ. ಅವರೂ ಅವನನ್ನು ಓದಿದರೆ ಅದು ಸ್ನೇಹ. ಗುಣಿಗಳನ್ನು ಕಂಡು ಹರ್ಷಿಸುವ ಪ್ರಮೋದಭಾವನೆಯನ್ನು ಶಾಸ್ತ್ರವೇ ವಿಧಿಸಿದೆ. ಓದದೆಯೇ ಹೊಗಳಿ, ಪ್ರತಿಹೊಗಳಿಕೆಯನ್ನು ಸಾಲದಂತೆ ವಸೂಲು ಮಾಡುವಲ್ಲಿ ಪ್ರಮೋದ ಮಾಯೆಯಾಗುತ್ತದೆ. ಮಾಯೆ, ಮಿಥ್ಯೆ, ನಿದಾನ ಇವು ಮೂರು ಶಲ್ಯಗಳು. ಮುಳ್ಳು ಒಳಗಿರುವ ತನಕ ವ್ರತಿಯಾಗಲಾರನು. ಹೊರಗಿನಿಂದ ನೋಡಿದರೆ ಎರಡೂ ಹೊಗಳಿಕೆಗಳ ಅಕ್ಷರ ಒಂದೇ. ಭೇದವನ್ನು ಬಲ್ಲವನು ಹೊಗಳಿದವನೊಬ್ಬನೇ. ಆದುದರಿಂದ ಈ ವಿಷಯದಲ್ಲಿ ಇತರರ ಮೇಲೆ ತೀರ್ಪು ಕೊಡಲು ಹೊರಡುವುದು ನಿರರ್ಥಕ.

ಹಾಗಾದರೆ ಆಸ್ಥಾನವಿಲ್ಲದ, ಅತ್ತಿಮಬ್ಬೆಯೂ ಸಿಗದ ಹೊಸಬನು ಮಾಡಬೇಕಾದುದೇನು? ಈ ಸೀಮೆಗೆ ಹತ್ತಿರದ ಉದಾಹರಣೆಯೊಂದು ಜೈನೇತರರಲ್ಲಿದೆ. ಹಾವೇರಿ ಸೀಮೆಯ ಗಳಗನಾಥರು (೧೮೬೯-೧೯೪೨), ಮೂಲ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ, ಶಾಲಾಶಿಕ್ಷಕರಾಗಿದ್ದವರು. ಕನ್ನಡದಲ್ಲಿ ಕಾದಂಬರಿ ಓದುವ ಅಭ್ಯಾಸವೇ ಇನ್ನೂ ಬೇರೂರದಿದ್ದ, ಉತ್ತರ ಕರ್ನಾಟಕದ ವಿದ್ಯಾವಂತರು ಮರಾಠಿಯನ್ನೇ ಹೆಚ್ಚಾಗಿ ಓದುತ್ತಿದ್ದ ಕಾಲದಲ್ಲಿ ಅವರು ಕಾದಂಬರಿಗಳನ್ನು ಬರೆದರು. ಅಗಡಿಯ ಆನಂದವನದಿಂದ ೧೯೦೭ರಲ್ಲಿ ಹೊರಟ ಸದ್ಬೋಧ ಚಂದ್ರಿಕೆ ಮಾಸಪತ್ರಿಕೆಯಲ್ಲಿ ದುಡಿದರು. ತಮ್ಮ ಪುಸ್ತಕಗಳನ್ನು ತಾವೇ ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಹೀಗೆ ಹೊತ್ತು ಮಾರುವವನಿಗೆ ಒಂದು ಲಾಭವಿದೆ: ಬೇಡವೆಂದವನ ಮುಖವನ್ನು ಆತ ಕಣ್ಣಾರೆ ಕಾಣುತ್ತಾನೆ, ಕಾರಣವನ್ನು ಕಿವಿಯಾರೆ ಕೇಳುತ್ತಾನೆ. ಮಾನಕಷಾಯ ಕರಗಲು ತಲೆಯ ಮೇಲಿನ ಆ ಹೊರೆಯೂ ಸಹಾಯ ಮಾಡಿರಬೇಕು. ಮನೆಯಲ್ಲಿ ಕುಳಿತು ಕಾಣದ ಸಾವಿರ ಜನರಿಗೆ ಬರಹ ಕಳುಹಿಸುವವನಿಗೆ ಈ ಶಿಕ್ಷಣ ದೊರೆಯುವುದಿಲ್ಲ. ಅದನ್ನು ಆತ ಬೇರೆ ದಾರಿಯಿಂದ ಗಳಿಸಬೇಕು.

ಆ ದಾರಿಯನ್ನು ಸ್ವಾಧ್ಯಾಯದ ಐದು ಭೇದಗಳಲ್ಲಿ ಕಾಣಬಹುದು. ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ. ಉಪದೇಶ ಬರುವುದು ಕೊನೆಗೆ. ಮೊದಲು ಓದು, ಅನಂತರ ಪ್ರಶ್ನೆ, ಅದರ ಬಳಿಕ ಮನನ, ಮತ್ತೆ ಶುದ್ಧವಾಗಿ ಪುನಃ ಪುನಃ ಪಠಿಸುವುದು, ಇಷ್ಟಾದ ಮೇಲೆ ಇತರರಿಗೆ ಹೇಳುವ ಅಧಿಕಾರ. ಇಂದು ಐದನೆಯದರಿಂದಲೇ ಆರಂಭ. ಹೊಸಬನು ವರ್ಷದಲ್ಲಿ ಹತ್ತು ಲೇಖನ ಬರೆಯುವುದಾದರೆ, ಇತರರ ನೂರು ಬರಹಗಳನ್ನು ಓದಿ ಅವುಗಳಲ್ಲಿ ಹತ್ತಕ್ಕಾದರೂ ನಿಜವಾದ ಪ್ರಶ್ನೆಯನ್ನು ಬರೆದು ಕಳುಹಿಸಲಿ. ಅಂಥ ಪ್ರಶ್ನೆಯನ್ನು ಪಡೆದ ಲೇಖಕ ಅದನ್ನು ಬೇಗ ಮರೆಯುವುದಿಲ್ಲ. ಕೇಳಿದವನು ಏನು ಬರೆಯುತ್ತಾನೆಂದು ತಾನಾಗಿಯೇ ಹುಡುಕಿಕೊಂಡು ಬರುತ್ತಾನೆ. ಹೀಗೆ ಬರುವವರ ಸಂಖ್ಯೆ ನಿಧಾನವಾಗಿ ಬೆಳೆಯುತ್ತದೆ, ಕೆಲವೊಮ್ಮೆ ಬೆಳೆಯುವುದೇ ಇಲ್ಲ. ಬೆಳೆಯದಿದ್ದಾಗಲೂ ಓದಿದ ನೂರು ಬರಹಗಳ ಫಲ ಆತನಲ್ಲಿಯೇ ಇರುತ್ತದೆ.

ಈ ಹೊಣೆಯೆಲ್ಲ ಹೊಸಬನ ತಲೆಯ ಮೇಲೆಯೇ ಬೀಳಬೇಕಾಗಿಲ್ಲ. ಪಂಚಕಲ್ಯಾಣ ಮಹೋತ್ಸವಗಳಿಗೆ ಉದಾರವಾಗಿ ವ್ಯಯ ಮಾಡುವ ಬಸದಿಗಳ ಟ್ರಸ್ಟುಗಳು ಶಾಸ್ತ್ರದಾನದ ಹೆಸರಿನಲ್ಲಿ ಮಾಡುವುದು ಬಹುಮಟ್ಟಿಗೆ ಕಪಾಟಿಗೆ ಪುಸ್ತಕ ಸೇರಿಸುವುದು. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ ಟೀಕೆಯ ತಾಡಪತ್ರಗಳು ಶತಮಾನಗಳ ಕಾಲ ಭದ್ರವಾಗಿದ್ದವು. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ೧೯೩೯ರಿಂದ ೧೯೫೮ರವರೆಗೆ ಹದಿನಾರು ಸಂಪುಟಗಳಾಗಿ ಅಚ್ಚಾದ ಮೇಲೆಯೇ ಅವು ಸಾಮಾನ್ಯ ವಿದ್ವಾಂಸರ ಕೈಗೆ ಬಂದವು. ಕಾಪಾಡಿದವರ ಪುಣ್ಯ ದೊಡ್ಡದು. ಆದರೆ ಕಾಪಾಡುವುದೂ ಓದಿಸುವುದೂ ಬೇರೆ ಬೇರೆ ಕಾರ್ಯಗಳು. ಲಕ್ಷ್ಮೇಶ್ವರದ ಶಂಖಬಸದಿಯ ಶಾಸನಗಳ ಮೇಲೆ ಆ ಊರಿನದೇ ಹುಡುಗಿಯೊಬ್ಬಳು ಶ್ರಮವಹಿಸಿ ಲೇಖನ ಬರೆದರೆ, ಅದನ್ನು ಮೊದಲು ಕೇಳಬೇಕಾದವರು ಆ ಬಸದಿಗೆ ನಿತ್ಯ ಹೋಗುವವರು.

ದಶಲಕ್ಷಣ ಪರ್ವದ ಹತ್ತು ಸಂಜೆಗಳಲ್ಲಿ ಒಂದರಲ್ಲಿ ಅರ್ಧ ತಾಸನ್ನು ಹೊಸ ಬರಹಗಾರನೊಬ್ಬನಿಗೆ ಕೊಡಲು ಹಣ ಬೇಕಿಲ್ಲ. ಶಾಲು, ಹಾರ, ಛಾಯಾಚಿತ್ರಗಳೂ ಬೇಡ. ಅವು ಬಂದೊಡನೆ ಪೂಜಾಮದ ಹಿಂದಿನ ಬಾಗಿಲಿನಿಂದ ಒಳಗೆ ಬರುತ್ತದೆ. ಆತ ಓದಲಿ, ಸೇರಿದ ಇಪ್ಪತ್ತು ಮೂವತ್ತು ಜನ ಕೇಳಲಿ, ಅವರಲ್ಲಿ ಇಬ್ಬರು ಹಿರಿಯರು ಸಂದೇಹವಿದ್ದಲ್ಲಿ ತಡೆದು ಪ್ರಶ್ನಿಸಲಿ. ಲೇಖನದ ಒಂದು ಪ್ರತಿಯನ್ನು ತಾರೀಖು ಹಾಕಿ, ಅಂಚಿನಲ್ಲಿ ಆ ಪ್ರಶ್ನೆಗಳನ್ನು ಬರೆದು ಬಸದಿಯ ಪುಸ್ತಕಗಳ ಜೊತೆಗೆ ಇರಿಸಿದರೆ, ಮುಂದಿನ ಭಾದ್ರಪದದಲ್ಲಿ ಅದನ್ನು ತಿದ್ದಿಸಿ ಮತ್ತೊಮ್ಮೆ ಓದಿಸಬಹುದು.