ಎಬ್ಬಿಸುವವನನ್ನು ಎಬ್ಬಿಸಿದ್ದು ಯಾರು?

ಗುಂಡಿ ಒತ್ತಿದ ಕ್ಷಣದಲ್ಲಿ ಕಂಪ್ಯೂಟರಿಗೆ ಏನೇನೂ ಗೊತ್ತಿರುವುದಿಲ್ಲ. ಡಿಸ್ಕ್ ಇದೆಯೋ, ಪರದೆ ಇದೆಯೋ, ಎದುರು ಕೂತವರು ಯಾರೋ, ಒಂದೂ ತಿಳಿಯದು. ಇಂಟೆಲ್ ಜಾತಿಯ ಪ್ರೊಸೆಸರಿಗೆ ಆಗ ಗೊತ್ತಿರುವುದು ಒಂದೇ ಒಂದು ವಿಳಾಸ: 4 ಗಿಗಾಬೈಟ್ ಮುಗಿಯುವುದಕ್ಕೆ ಬರೀ 16 ಬೈಟ್ ಹಿಂದಿನ ಒಂದು ಜಾಗ. ಅಲ್ಲಿಗೆ ಹೋಗು, ಅಲ್ಲಿ ಏನಿದೆಯೋ ಅದನ್ನು ಮಾಡು. 16 ಬೈಟ್ ಎಂದರೆ ಎಷ್ಟು? ಯುಟಿಎಫ್-8ರಲ್ಲಿ ‘ಕನ್ನಡ’ ಎಂದು ಬರೆದರೆ 15 ಬೈಟ್ ಖರ್ಚಾಗುತ್ತದೆ, ಒಂದು ಮಿಗುತ್ತದೆ. ಅಷ್ಟು ಇಕ್ಕಟ್ಟಿನಲ್ಲಿ ಸಾಮಾನ್ಯವಾಗಿ ಇರುವುದು ‘ಇಂಥ ಕಡೆಗೆ ಜಿಗಿ’ ಎಂಬ ಆಜ್ಞೆ ಮಾತ್ರ. ಆ ಜಿಗಿತದಿಂದ ಹೊರಟದ್ದು ಎಲ್ಲೆಲ್ಲೋ ಹಾದು, ನಾನು ಬರೆದ ನಾಲ್ಕು ಸಾಲಿನ ಪ್ರೋಗ್ರಾಮನ್ನೂ ಹುಡುಕಿ ಎಬ್ಬಿಸಿ ಕೂರಿಸುತ್ತದೆ. ಎಷ್ಟು ಸಲ ನೋಡಿದರೂ ನನಗಿದು ಹಳತಾಗಿಲ್ಲ.

ಪ್ರೋಗ್ರಾಮನ್ನು ಮೆಮೊರಿಗೆ ತರಲು ಇನ್ನೊಂದು ಪ್ರೋಗ್ರಾಮ್ ಬೇಕು, ಅದನ್ನು ತರಲು ಮತ್ತೊಂದು. ಹೀಗೆ ಹಿಂದಹಿಂದಕ್ಕೆ ಹೋದರೆ ತಳದಲ್ಲಿ ಸಿಗುವುದೇನು? 1949ರಲ್ಲಿ ಕೇಂಬ್ರಿಜ್‌ನಲ್ಲಿ ಎಡ್‌ಸ್ಯಾಕ್ ಎಂಬ ಕಂಪ್ಯೂಟರ್ ಕಟ್ಟಿದವರ ಪಾಲಿಗೆ ಈ ವೇದಾಂತದ ಪ್ರಶ್ನೆ ದಿನನಿತ್ಯದ ತಾಪತ್ರಯವೇ ಆಗಿತ್ತು. ಡೇವಿಡ್ ವೀಲರ್ ಎಂಬ ಸಂಶೋಧನ ವಿದ್ಯಾರ್ಥಿ 31 ಆಜ್ಞೆಗಳ ಒಂದು ಪುಟ್ಟ ಸರಣಿ ಬರೆದ. ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಬಳಸುತ್ತಿದ್ದಂಥ ತಿರುಗು ಸ್ವಿಚ್ಚುಗಳಲ್ಲಿ ಅದನ್ನು ತಂತಿಯಿಂದಲೇ ಹೆಣೆದಿಟ್ಟರು. ಸ್ಟಾರ್ಟ್ ಒತ್ತಿದರೆ ಸ್ವಿಚ್ಚುಗಳು ಹೆಜ್ಜೆ ಹೆಜ್ಜೆಯಾಗಿ ಸರಿದು, ಆ 31 ಆಜ್ಞೆಗಳನ್ನು ಪಾದರಸದ ಕೊಳವೆಗಳ ಮೆಮೊರಿಗೆ ಇಳಿಸುತ್ತಿದ್ದವು. ಇಳಿದ ಆಜ್ಞೆಗಳು ತೂತು ಹೊಡೆದ ಕಾಗದದ ಪಟ್ಟಿಯಿಂದ ನಿಜವಾದ ಪ್ರೋಗ್ರಾಮನ್ನು ಓದಿಕೊಳ್ಳುತ್ತಿದ್ದವು. ಮೇ 6ರಂದು ಯಂತ್ರ 0ಯಿಂದ 99ರವರೆಗಿನ ಸಂಖ್ಯೆಗಳ ವರ್ಗಗಳನ್ನು ಮುದ್ರಿಸಿ ತೋರಿಸಿತು. ತಳ ಮುಟ್ಟಿದಾಗ ಅಲ್ಲಿದ್ದದ್ದು ಯಾರದೋ ಕೈ ಬೆಸೆದ ತಂತಿ. 1975ರ ಆಲ್ಟೇರ್ ಕಂಪ್ಯೂಟರಿನಲ್ಲಂತೂ ಆ ಕೈ ಪ್ರತಿ ಸಲವೂ ಹಾಜರಿರಬೇಕಿತ್ತು. ಮುಂಭಾಗದ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡುತ್ತ ಮೊದಲ ಆಜ್ಞೆಗಳನ್ನು ಬೈಟ್ ಬೈಟಾಗಿ ಉಣಿಸಬೇಕಿತ್ತು.

ಪ್ರೋಗ್ರಾಮ್ ತಾನಾಗಿ ಏಳುವಂತೆ ಮಾಡುವ ನಮ್ಮ ಪಾಲಿನ ಕೆಲಸ ಈಗ ಸಲೀಸು. ಡಾಸ್ ಕಾಲದವರಿಗೆ ಆಟೋಎಕ್ಸೆಕ್ ಡಾಟ್ ಬ್ಯಾಟ್ ನೆನಪಿರಬಹುದು. ವಿಂಡೋಸ್‌ನಲ್ಲಿ ಸ್ಟಾರ್ಟಪ್ ಫೋಲ್ಡರಿಗೆ ಒಂದು ಶಾರ್ಟ್‌ಕಟ್ ಹಾಕಿದರಾಯಿತು, ಲಾಗಿನ್ ಆದ ಕೂಡಲೇ ಓಡುತ್ತದೆ. ಲಿನಕ್ಸ್‌ನಲ್ಲಿ ಒಂದನೇ ನಂಬರಿನ ಪ್ರಾಸೆಸ್, ಹೆಚ್ಚಿನ ಕಡೆ ಅದೀಗ ಸಿಸ್ಟಮ್‌ಡಿ, ಉಳಿದವರನ್ನೆಲ್ಲ ಎಬ್ಬಿಸುತ್ತದೆ. ಅದರ ಪಟ್ಟಿಗೆ ನಮ್ಮದೊಂದು ಸಣ್ಣ ಫೈಲ್ ಸೇರಿಸುವುದು.

ಸಲೀಸು ಎಂದೆನಲ್ಲ, ಆದರೂ ಕೈಯಾರೆ ಓಡಿಸಿದಾಗ ಸೊಗಸಾಗಿ ನಡೆದ ಪ್ರೋಗ್ರಾಮ್ ಬೂಟ್ ಆಗುವಾಗ ಮುಗ್ಗರಿಸುವುದು ಈ ಲೋಕದ ನಿತ್ಯದ ಕತೆ. ನಾವು ಓಡಿಸುವ ಹೊತ್ತಿಗೆ ಲಾಗಿನ್ ಆಗಿರುತ್ತದೆ, ಹೋಮ್ ಫೋಲ್ಡರ್ ಯಾವುದೆಂದು ಗೊತ್ತಿರುತ್ತದೆ, ಪಾತ್ ಸಿದ್ಧವಿರುತ್ತದೆ, ವೈಫೈ ಸಿಕ್ಕಿರುತ್ತದೆ. ಬೂಟ್‌ನ ನಸುಕಿನಲ್ಲಿ ಇದಾವುದೂ ಖಾತ್ರಿಯಿಲ್ಲ. ಹಳೆಯ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರುಗಳಿಗಂತೂ ಹೊತ್ತೂ ತಿಳಿಯದು. ಬ್ಯಾಟರಿ ಗಡಿಯಾರವಿಲ್ಲದ ಅವು, ಕೊನೆಯ ಸಲ ಬರೆದಿಟ್ಟುಕೊಂಡ ಸಮಯವನ್ನೇ ‘ಈಗ’ ಎಂದುಕೊಂಡು ಏಳುತ್ತವೆ. ನಮ್ಮ ಮನೆಯಲ್ಲಿ ತಾಪಮಾನ ದಾಖಲಿಸುವ ಅಂಥದೊಂದು ಪೈ ಇದೆ. ರಾತ್ರಿ ಹೋದ ಕರೆಂಟು ಬೆಳಗ್ಗೆ ಬಂದರೆ, ಅದರ ಲಾಗ್‌ನ ಮೊದಲ ಒಂದೆರಡು ಸಾಲು ಇನ್ನೂ ರಾತ್ರಿಯಲ್ಲೇ ಇರುತ್ತವೆ. ಇಂಟರ್‌ನೆಟ್ ಸಿಕ್ಕಿದ್ದೇ, ಮುಂದಿನ ಸಾಲು ನೇರ ಬೆಳಗಿಗೆ ನೆಗೆದಿರುತ್ತದೆ. ನಡುವಿನ ಗಂಟೆಗಳು ಅದರ ಮಟ್ಟಿಗೆ ನಡೆದೇ ಇಲ್ಲ. ಆ ಸಾಲುಗಳನ್ನು ಅಳಿಸಿ ಲಾಗ್ ನೇರ್ಪುಗೊಳಿಸಬಹುದು, ನನಗೆ ಮನಸ್ಸಾಗುವುದಿಲ್ಲ.

ಹಳ್ಳಿಯ ಪಂಪ್‌ಸೆಟ್ಟುಗಳ ಆಟೋ ಸ್ಟಾರ್ಟರ್ ಕಂಡವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ. ತ್ರೀ ಫೇಸ್ ಬಂದದ್ದೇ ತಡ, ರೈತ ಮನೆಯಲ್ಲಿ ನಿದ್ದೆಯಲ್ಲಿದ್ದರೂ ಮೋಟಾರು ಹೊರಡುತ್ತದೆ. ಊರಿನ ಮೋಟಾರುಗಳೆಲ್ಲ ಒಂದೇ ಉಸಿರಿಗೆ ಹೊರಟರೆ ಟ್ರಾನ್ಸ್‌ಫಾರ್ಮರ್ ನರಳುತ್ತದೆ. ಕಂಪ್ಯೂಟರಿನಲ್ಲೂ ಏಳುವುದು ದೊಡ್ಡದಲ್ಲ, ಯಾರು ಎದ್ದ ಮೇಲೆ ತಾನು ಏಳಬೇಕು ಎಂಬುದೇ ಕಗ್ಗಂಟು. ಸಿಸ್ಟಮ್‌ಡಿಯ ಪಟ್ಟಿಗೆ ಸೇರಿಸುವ ಆ ಸಣ್ಣ ಫೈಲಿನಲ್ಲಿ ‘ಆಫ್ಟರ್’ ಎಂದು ಶುರುವಾಗುವ ಸಾಲು ಇರುವುದು ಅದಕ್ಕೇ: ನೆಟ್‌ವರ್ಕ್ ಬರಲಿ, ಆಮೇಲೆ ನಾನು. ‘ರೀಸ್ಟಾರ್ಟ್’ ಎಂಬ ಇನ್ನೊಂದು ಸಾಲು: ಬಿದ್ದರೆ ಮತ್ತೆ ಎಬ್ಬಿಸು. ಆಟೋಮ್ಯಾಟಿಕ್ ಅಂತೇನೋ ಕರೆಯುತ್ತೇವೆ. ಬಿಡಿಸಿ ನೋಡಿದರೆ ಪ್ರತಿ ಸಾಲಿನಲ್ಲೂ, ತಾನಿಲ್ಲದ ಹೊತ್ತಿನಲ್ಲಿ ಏನೇನು ಕೆಟ್ಟೀತು ಎಂದು ಚಿಂತಿಸುತ್ತ ಕೂತ ಮನುಷ್ಯನೊಬ್ಬ ಕಾಣುತ್ತಾನೆ.

ಎಲ್ಲರಿಗಿಂತ ಮೊದಲು ಏಳುವ ಜಾಗಕ್ಕೆ ಕಣ್ಣು ಹಾಕಿದವರೂ ಇದ್ದರು. 1986ರಲ್ಲಿ ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಸೋದರರು ಬರೆದ ‘ಬ್ರೇನ್’ ವೈರಸ್ ಸೇರಿಕೊಂಡದ್ದು ಫ್ಲಾಪಿಯ ಬೂಟ್ ಸೆಕ್ಟರಿನಲ್ಲಿ. ಅಲ್ಲಿನ 512 ಬೈಟಿನ ಅಸಲಿ ಕೋಡನ್ನು ಬೇರೆಡೆಗೆ ಸಾಗಿಸಿ, ತಾನು ಮೊದಲು ಎದ್ದು ಮೆಮೊರಿಯಲ್ಲಿ ಠಿಕಾಣಿ ಹೂಡಿ, ಆಮೇಲೆ ಅಸಲಿಯನ್ನು ಎಬ್ಬಿಸುತ್ತಿತ್ತು. ಬಳಸುವವರಿಗೆ ಎಲ್ಲವೂ ಮಾಮೂಲು. ಯಾರಾದರೂ ಅನುಮಾನದಿಂದ ಬೂಟ್ ಸೆಕ್ಟರ್ ಓದಹೊರಟರೆ, ಅಡಗಿಸಿಟ್ಟ ಅಸಲಿಯನ್ನೇ ಎದುರಿಗೆ ಹಿಡಿಯುತ್ತಿತ್ತು! ಇಷ್ಟೆಲ್ಲ ಜಾಣತನ ತೋರಿದ ಸೋದರರು ಕೋಡಿನೊಳಗೆ ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರುಗಳನ್ನೂ ಬರೆದಿಟ್ಟಿದ್ದರು. ಜನ ಫೋನ್ ಮಾಡಿದರು ಕೂಡ.