ಪ್ರಸಾದಕಾಯದ ರಕ್ಷಣೆ



ಹನ್ನೆರಡನೆಯ ಶತಮಾನದ ಶರಣರು ಶರೀರವನ್ನು ಹೇಯವೆಂದು ಹಳಿಯಲಿಲ್ಲ. ಅಂಗದ ಮೇಲೆ ಲಿಂಗವನ್ನು ಧರಿಸಿ, ಅಂಗವನ್ನೇ ಶಿವನ ಆಲಯವನ್ನಾಗಿ ಮಾಡಿಕೊಂಡರು. ಲಿಂಗಕ್ಕೆ ಅರ್ಪಿತವಾದ ಮೇಲೆ ಈ ಕಾಯವು ನಮ್ಮ ಸ್ವತ್ತಲ್ಲ, ಪ್ರಸಾದ. ಪ್ರಸಾದವನ್ನು ಕೆಡಿಸುವ ಅಧಿಕಾರ ಯಾರಿಗುಂಟು? ಮಧುಮೇಹವುಳ್ಳ ಭಕ್ತರು ತಮ್ಮ ಮೂತ್ರಪಿಂಡಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಬೇಕಾಗಿದೆ.

ಬೆನ್ನಿನ ಇಕ್ಕೆಲಗಳಲ್ಲಿ ಮುಷ್ಟಿಗಾತ್ರದ ಎರಡು ಪಿಂಡಗಳಿವೆ. ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮವಾದ ಸೋಸುವ ಘಟಕಗಳು. ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ಸೋಸಿ, ಬೇಕಾದುದನ್ನು ರಕ್ತಕ್ಕೆ ಮರಳಿಸಿ, ಒಂದೆರಡು ಲೀಟರಿನಷ್ಟನ್ನು ಮಾತ್ರ ಹೊರಹಾಕುವ ಮೌನ ಕಾಯಕ ಅವುಗಳದು. ಸಕ್ಕರೆಯೂ ರಕ್ತದ ಒತ್ತಡವೂ ವರ್ಷಗಟ್ಟಲೆ ಏರಿ ನಿಂತರೆ ಈ ಜರಡಿಗಳು ಶಿಥಿಲವಾಗಿ, ಆಲ್ಬುಮಿನ್ ಎಂಬ ಸಸಾರಜನಕವು ಮೂತ್ರಕ್ಕೆ ಜಾರತೊಡಗುವುದು. ಆಗ ನೋವಿಲ್ಲ, ಬಾವಿಲ್ಲ. ಕಾಲು ಬಾತು, ಊಟ ರುಚಿಸದಂತಾಗುವ ವೇಳೆಗೆ ಬಹುಪಾಲು ಶಕ್ತಿ ಉಡುಗಿರುವುದುಂಟು.

ಆದುದರಿಂದ ನೋವಿಲ್ಲದಿರುವುದು ಆರೋಗ್ಯಕ್ಕೆ ಸಾಕ್ಷಿಯಲ್ಲ. ಆಪತ್ತು ಬಂದಾಗ ಮಾತ್ರ ನಾವು ಲಿಂಗಪೂಜೆ ಮಾಡುತ್ತೇವೆಯೆ? ನಿತ್ಯನೇಮದ ಸಾರವೇ ಎಚ್ಚರ. ಎರಡನೆಯ ಬಗೆಯ ಮಧುಮೇಹವುಳ್ಳವರು ಅದು ಗೊತ್ತಾದಂದಿನಿಂದಲೇ ವರ್ಷಕ್ಕೊಮ್ಮೆಯಾದರೂ ಎರಡು ಪರೀಕ್ಷೆ ಮಾಡಿಸಬೇಕು: ಮೂತ್ರದಲ್ಲಿ ಆಲ್ಬುಮಿನ್–ಕ್ರಿಯಾಟಿನಿನ್‌ಗಳ ಪ್ರಮಾಣ, ಮತ್ತು ರಕ್ತದ ಕ್ರಿಯಾಟಿನಿನ್‌ನಿಂದ ಲೆಕ್ಕಹಾಕುವ ಸೋಸುವ ಶಕ್ತಿ. ಮೊದಲನೆಯದು ಗ್ರಾಮಿಗೆ 30 ಮಿಲಿಗ್ರಾಮನ್ನು ಮೀರಿದರೆ, ಎರಡನೆಯದು 60ಕ್ಕಿಂತ ಇಳಿದರೆ, ಮರುಪರೀಕ್ಷೆ ಮಾಡಿಸಿ ವೈದ್ಯರ ಮಾತಿನಂತೆ ನಡೆಯಬೇಕು. ಮೊದಲೇ ತಿಳಿದರೆ ಉಪಾಯಗಳುಂಟು. ಕೆನಾಗ್ಲಿಫ್ಲೋಜಿನ್ ಎಂಬ ಔಷಧವು ಇಂಥ ರೋಗಿಗಳ ಮೂತ್ರಪಿಂಡದ ಹಾನಿಯನ್ನು ನಿಧಾನಿಸುವುದೆಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಇನ್ನು ಮನೆಯಲ್ಲಿ ಪಾಲಿಸಬೇಕಾದ ವ್ರತ. ಸಿಹಿಯನ್ನು ಬಿಟ್ಟೆನೆಂದು ಉಪ್ಪಿನಕಾಯಿ, ಹಪ್ಪಳಗಳಿಗೆ ಕೈಚಾಚಿದರೆ ರಕ್ತದ ಒತ್ತಡ ಏರುವುದು. ದಿನದ ಉಪ್ಪು ಎಲ್ಲ ಸೇರಿ 5 ಗ್ರಾಮಿನೊಳಗಿರಲಿ. ಒತ್ತಡವು ಬಹುಮಂದಿಗೆ 130/80ರ ಕೆಳಗಿರುವುದು ಲೇಸು. ತಂಬಾಕು ಬೇಡ. ಕೀಲುನೋವಿಗೆಂದು ಅಂಗಡಿಯಿಂದ ಗುಳಿಗೆ ತಂದು ತಿಂಗಳುಗಟ್ಟಲೆ ನುಂಗುವುದು, ಏನಿದೆಯೆಂದು ತಿಳಿಯದ ಭಸ್ಮ–ಪುಡಿಗಳನ್ನು ಸೇವಿಸುವುದು, ಸುಖವಾಗಿರುವೆನೆಂದು ಔಷಧ ನಿಲ್ಲಿಸುವುದು, ಇವೆಲ್ಲ ಕಾಯದ್ರೋಹ. ಉಪವಾಸ ಮಾಡಬಯಸುವವರು ಮೊದಲು ವೈದ್ಯರನ್ನು ಕೇಳಲಿ.

ದಾಸೋಹದ ಬಗೆಗೂ ಒಂದು ಮಾತು. ಜಾತ್ರೆಯ ಪಂಕ್ತಿಯಲ್ಲಿ ಹುಗ್ಗಿಯನ್ನು ಬೇಡವೆಂದರೆ ಪ್ರಸಾದವನ್ನು ತಿರಸ್ಕರಿಸಿದಂತಾಗುವುದೆಂದು ಅನೇಕರು ಅಂಜುತ್ತಾರೆ. ಪ್ರಸಾದಕ್ಕೆ ಭಾವವು ಅಳತೆ, ಸೌಟು ಅಳತೆಯಲ್ಲ. ಅಗುಳೊಂದನ್ನು ಕಣ್ಣಿಗೊತ್ತಿಕೊಂಡು ಸ್ವೀಕರಿಸಿದವನೂ ಪ್ರಸಾದಿಯೇ. ಬಡಿಸುವವರಾದರೂ ಬಲವಂತ ಮಾಡಬಾರದು. ಉಣ್ಣುವವನ ಹಿತವನ್ನು ಅರಿಯದ ನೀಡಿಕೆ ದಾಸೋಹವೆನಿಸದು. ಮನೆಯವರಿಗೆಲ್ಲ ಬಡಿಸಿ ತನ್ನ ಬೇನೆಯನ್ನು ಮರೆಮಾಚುವ ತಾಯಿಯನ್ನು ಪರೀಕ್ಷೆಗೆ ಕರೆದೊಯ್ಯುವುದೂ ದಾಸೋಹವೇ.

ಎಲ್ಲವೂ ಶಿವನಿಚ್ಛೆಯೆಂದು ಕೈಕಟ್ಟಿ ಕುಳಿತುಕೊಳ್ಳುವುದು ಭಕ್ತಿಯಲ್ಲ, ಆಲಸ್ಯ. ಪಿಂಡಗಳು ಸೋತವರಲ್ಲಿ ಅನೇಕರು ವಾರಕ್ಕೆ ಮೂರು ಸಲ, ಸಲಕ್ಕೆ ಸುಮಾರು 4 ಗಂಟೆ, ಯಂತ್ರದಲ್ಲಿ ರಕ್ತವನ್ನು ಸೋಸಿಸಿಕೊಳ್ಳಬೇಕಾಗುವುದು. ಹೊಲ, ಮಗ್ಗ, ಅಂಗಡಿಗಳ ಕಾಯಕ ಕುಂದುವುದು, ಮನೆಯೆಲ್ಲ ಬಳಲುವುದು. ಆ ಸ್ಥಿತಿಗೆ ಬಂದವರನ್ನು ದೂಷಿಸದೆ ನೆರವಾಗೋಣ. ಬಾರದವರು ಇಂದೇ ಎಚ್ಚರಗೊಳ್ಳಲಿ. ಕಾಯ ಉಳಿದರೆ ಕಾಯಕವುಂಟು, ಕಾಯಕವುಂಟಾದರೆ ದಾಸೋಹವುಂಟು.

ಸರ್ವರಿಗೂ ಲೇಸಾಗಲಿ. ಶರಣು ಶರಣಾರ್ಥಿ.